ಇರುವೆಗೂಡಿನ ಒಂಬತ್ತನೆಯ ಹೆಣ

ಪಕ್ಕದ ಗೂಡಿಗೆ ಬೂಷ್ಟು ರೋಗ ತಗುಲಿದಾಗ ಇರುವೆಗಳು ತಮ್ಮ ಗೂಡಿನ ಬಾಯಿಗೆ ಮಣ್ಣು ಮೆತ್ತಿ ಒಳಗೇ ಕುಳಿತವು. ಇಪ್ಪತ್ತು ದಿನ ಕಳೆದು ಬಾಗಿಲು ತೆರೆಯಿತು. ರೋಗದಿಂದ ಸತ್ತವರು ಯಾರೂ ಇರಲಿಲ್ಲ; ಹಸಿವಿನಿಂದ ಸತ್ತವರು ಒಂಬತ್ತು ಮಂದಿ. ಹೆಣ ಹೊರುವ ಮುದಿ ಇರುವೆ ಎಂಟನ್ನು ಹೊರಗಿಟ್ಟು ಬರುವಷ್ಟರಲ್ಲಿ ಕಾಳು ತರುವ ಇರುವೆ ಅಡ್ಡ ಬಂತು.

"ಬಾಗಿಲು ಮುಚ್ಚಿದ್ದೇ ತಪ್ಪಾಯಿತು ಅಜ್ಜಿ. ಹೊತ್ತವರು ನೀವೇ, ಹೇಳಿ."

"ಹೊತ್ತದ್ದರ ಭಾರ ಗೊತ್ತು ಮಗಳೇ. ತೆರೆದೇ ಇದ್ದಿದ್ದರೆ ಇನ್ನೆಷ್ಟು ಹೊರಬೇಕಿತ್ತೋ, ಅದು ಗೊತ್ತಿಲ್ಲ. ಹಾಗೆ ಸಾಯಬೇಕಿದ್ದವರೆಲ್ಲ ಈಗ ಇಲ್ಲೇ ಓಡಾಡಿಕೊಂಡಿರಬೇಕು. ಯಾರಿರಬಹುದು ಅಂತ ಬೆಳಗಿನಿಂದ ಒಬ್ಬೊಬ್ಬರ ಮುಖ ನೋಡುತ್ತಿದ್ದೇನೆ" ಎಂದ ಮುದಿ ಇರುವೆ ಕುತೂಹಲದಿಂದ ಕೇಳಿತು: "ಅಂದಹಾಗೆ, ನೀನು ದಿನಾ ಕಾಳಿಗೆ ಹೋಗುತ್ತಿದ್ದದ್ದು ಆ ಪಕ್ಕದ ಗೂಡಿನ ಮುಂದೆಯೇ ಅಲ್ಲವೇ?"

ಕಾಳಿನ ಇರುವೆ ಒಳಗೆ ಹೋಗಿ ಒಂಬತ್ತನೆಯ ಹೆಣಕ್ಕೆ ಹೆಗಲು ಕೊಟ್ಟಿತು.