ಒಂದುಹೊರೆ ತೀರ್ಥ

ಘಟ್ಟದ ಬುಡದಲ್ಲಿ ಕೆಮ್ಮಣ್ಣಿನ ದಾರಿ ಮುಗಿಯುವ ಕಡೆ ಒಂದುಹೊರೆ ತೀರ್ಥವಿದೆ. ಆರು ಮಾರು ಅಗಲದ ಕೊಳ. ವರ್ಷದ ಹನ್ನೆರಡು ತಿಂಗಳೂ ಹಬೆಯಾಡುತ್ತದೆ. ಕೈ ಅದ್ದಿದವರು ಹತ್ತು ಎಣಿಸುವುದರೊಳಗೆ ತೆಗೆಯುತ್ತಾರೆ. ಯಾವುದೋ ಋಷಿ ಇಲ್ಲಿ ಕಮಂಡಲು ಕುಕ್ಕಿದನೆಂದು ಹೇಳುವವರಿದ್ದಾರೆ. ಆ ಋಷಿ ನಮ್ಮೂರಿಗೆ ಬಂದದ್ದು ಬಸ್ಸು ಬಂದ ಮೇಲೆ, ನಂಬಬೇಡಿ. ಈಚೆಗೆ ಯಂತ್ರ ಹೊತ್ತ ನಾಲ್ವರು ಬಂದು, ನೆಲದ ಈ ಬಿಸಿಯಿಂದ ವಿದ್ಯುತ್ತು ತೆಗೆಯಬಹುದೇ ಎಂದು ವಾರವಿಡೀ ಅಳೆದು, ಕಾಳು ಒಣಗಿಸಲು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು ಎಂದು ಹೇಳಿ ಹೋದರು. ಇಷ್ಟನ್ನು ಪೂವಕ್ಕ ಯಂತ್ರವಿಲ್ಲದೆಯೇ ಕಂಡುಕೊಂಡಿದ್ದಳು ಎನ್ನುತ್ತಾರೆ ಹಿರಿಯರು.

ಹಿಂದೆ ಒಮ್ಮೆ, ಈ ಗುಡ್ಡವೆಲ್ಲ ಊರಿನ ಧಣಿ, ಗುತ್ತಿನ ಮನೆಯ ಯಜಮಾನ ದೇರಣ್ಣನ ಕೈಯಲ್ಲಿದ್ದ ಕಾಲ. ಊರಿನ ಹದಿನೇಳು ಮನೆಗಳ ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡಿಕೊಡುವುದು ವಿಧವೆ ಪೂವಕ್ಕನ ಕೆಲಸ. ಮಳೆಗಾಲದ ನಾಲ್ಕು ತಿಂಗಳು ಊರು ಉಣ್ಣುತ್ತಿದ್ದುದು ಆ ಅಕ್ಕಿಯನ್ನೇ. ಒಂದು ಕೊಪ್ಪರಿಗೆ ಭತ್ತ ಬೇಯಲು ಮೂರು ತಲೆಹೊರೆ ಸೌದೆ ಬೇಕು, ಸೌದೆ ಬರಬೇಕಾದ್ದು ಗುಡ್ಡದಿಂದ. ಬೇಸಿಗೆಯ ಒಂದು ದಿನ ದೇರಣ್ಣ ಅವಳನ್ನು ಕರೆಸಿ, ದೇವರು ಕೊಳದಲ್ಲಿ ಬಿಟ್ಟಿ ಬೆಂಕಿ ಇಟ್ಟಿರುವಾಗ ಗುಡ್ಡ ಬೋಳಿಸುವುದೇಕೆ, ಭತ್ತವನ್ನು ಅಲ್ಲಿ ಇಳಿಸಿದರಾಯಿತು, ಇನ್ನು ಯಾರೂ ಕತ್ತಿ ಹಿಡಿದು ಗುಡ್ಡ ಹತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ. ಪೂವಕ್ಕನಿಗೆ ಬಿಟ್ಟಿ ಸಿಕ್ಕಿದ್ದರ ಮೇಲೆ ಎಂದೂ ನಂಬಿಕೆಯಿಲ್ಲ. ಹೊಗೆಯಿಲ್ಲದ ಬಿಸಿ, ಅದರ ಮೇಲೆ ಧಣಿಯ ಉಪಕಾರ. ಎರಡೂ ಅವಳಿಗೆ ಸರಿಕಾಣಲಿಲ್ಲ. ಗುಡ್ಡದ ಮರಕ್ಕೆ ಯಾವನೋ ವ್ಯಾಪಾರಿ ಸಿಕ್ಕಿರಬೇಕು ಎಂದುಕೊಂಡೇ ಮನೆಗೆ ಬಂದಳು.

ಆದರೂ ಅಪ್ಪಣೆ ಮೀರುವಂತಿರಲಿಲ್ಲ. ಬೆತ್ತದ ಕುಕ್ಕೆಯಲ್ಲಿ ಭತ್ತ ತುಂಬಿ ಕೊಳಕ್ಕೆ ಇಳಿಸಿ ಕಾದಳು. ಭತ್ತ ಬೆಂದದ್ದಕ್ಕೆ ಗುರುತು ಒಂದೇ, ಸಿಪ್ಪೆ ಬಾಯಿ ಬಿಡಬೇಕು. ಒಂದು ದಿನ ಕಳೆದಾಗ ಕಾಳು ಉಬ್ಬಿತ್ತು, ಬಾಯಿ ಬಿಟ್ಟಿರಲಿಲ್ಲ. ಹಲ್ಲಿನಲ್ಲಿ ಕಚ್ಚಿದರೆ ನಡುವೆ ಬೆಳ್ಳಗೆ ಹಸಿ. ಮೂರನೆಯ ದಿನ ಹುಳಿ ವಾಸನೆ ಹೊಡೆಯಿತು, ಸಿಪ್ಪೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊಪ್ಪರಿಗೆ ತುಂಬುವಷ್ಟು ಭತ್ತದ ಇನ್ನೊಂದು ಕುಕ್ಕೆಯನ್ನು ಕೊಳದಲ್ಲಿ ಒಂದೇ ದಿನ ನೆನೆಸಿ ತೆಗೆದು, ಮನೆಯಲ್ಲಿ ಉಳಿದಿದ್ದ ಒಂದು ಹೊರೆ ಸೌದೆ ಉರಿಸಿ ನೋಡಿದಳು. ಹೊರೆ ಮುಗಿಯುವ ಮೊದಲೇ ಕೊಪ್ಪರಿಗೆಯ ಭತ್ತವೆಲ್ಲ ಬಾಯಿ ಬಿಟ್ಟಿತು. ಇದನ್ನು ಹೇಳಲು ಹೋದರೆ ದೇರಣ್ಣನಿಗೆ ಅವಳ ಮೇಲೆಯೇ ಸಂಶಯ, ಸೌದೆ ಮಾರಿಕೊಳ್ಳುವ ಹೂಟ ಎಂದ. ಬಿಸಿ ಸಾಲದಿದ್ದರೆ ಅಗೆಯಬೇಕು, ಆಳದಲ್ಲಿ ಕುದಿಯುವ ನೀರು ಇರಲೇಬೇಕು ಎಂಬುದು ಅವನ ಲೆಕ್ಕ.

ಆಳುಗಳು ಬುಗ್ಗೆಯ ಬಾಯಿಯ ಬಂಡೆ ಒಡೆದರು. ಎರಡು ದಿನ ನೀರು ನಿಜವಾಗಿ ಹೆಚ್ಚು ಸುಟ್ಟಿತು. ದೇರಣ್ಣ ಮೀಸೆ ತಿರುವುತ್ತ, ಹದಿನೇಳು ಮನೆಗಳ ಭತ್ತದ ಜೊತೆ ತನ್ನ ಮನೆಯದನ್ನೂ ಇಳಿಸಲು ಹೇಳಿದ. ಪೂವಕ್ಕ ಪ್ರತಿ ಮನೆಯ ಅರ್ಧ ಭತ್ತವನ್ನು ತಡೆದು ಇಟ್ಟುಕೊಂಡಳು. ಮೂರನೆಯ ದಿನ ಒಡೆದ ಕಂಡಿಯ ಬದಿಯಿಂದ ಪಕ್ಕದ ಹೊಳೆಯ ತಣ್ಣೀರು ನುಗ್ಗಿತು. ಕೊಳ ಕೂಸು ಮೀಯಿಸುವ ನೀರಿನಷ್ಟೂ ಬೆಚ್ಚಗೆ ಉಳಿಯಲಿಲ್ಲ, ಇಳಿಸಿದ್ದ ಭತ್ತ ಕೊಳೆಯಿತು. ಮಳೆಗೆ ತಿಂಗಳಷ್ಟೇ ಉಳಿದಿತ್ತು. ಉಳಿದರ್ಧವಾದರೂ ಬೇಯದಿದ್ದರೆ ಊರಿಗೆ ಉಪವಾಸವೇ ಗತಿ. ಪೂವಕ್ಕ ಕೊಳಕ್ಕಿಳಿದು, ತಣ್ಣೀರು ಬರುವ ಕಂಡಿಯನ್ನು ಕಾಲಿನಿಂದ ತಡಕಿ, ಸೀರೆಯ ಸೆರಗಿನಲ್ಲಿ ಅದರ ಉದ್ದಗಲ ಅಳೆದುಕೊಂಡು, ಊರಿನವರೊಂದಿಗೆ ನೇರ ಗುತ್ತಿನ ಅಂಗಳಕ್ಕೆ ಹೋದಳು.

"ಧಣಿಗಳೇ, ಆ ಕಂಡಿಗೆ ಸರಿಹೊಂದುವ ಕಲ್ಲು ಊರಿನಲ್ಲಿ ಒಂದೇ ಉಂಟು. ನೀವು ಅದರ ಮೇಲೆ ನಿಂತಿದ್ದೀರಿ."

ಅದು ಗುತ್ತಿನ ಮನೆಯ ಮುಂಬಾಗಿಲ ಮೆಟ್ಟಿಲು, ಮೂರು ತಲೆಮಾರಿನ ಹಿಂದೆ ತಾವರೆ ಕೆತ್ತಿಸಿದ ಕಲ್ಲು. ದೇರಣ್ಣ, ಕಲ್ಲು ಕೊಟ್ಟರೆ ನೀರು ಕುದಿಯುತ್ತದೋ ಎಂದು ಕೇಳಿದ.

"ಕುದಿಯುವುದಿಲ್ಲ. ಮೊದಲೂ ಕುದಿದಿರಲಿಲ್ಲ. ಎರಡು ಹೊರೆಯ ಕೆಲಸ ಅದು ಮಾಡುತ್ತದೆ. ಉಳಿದ ಒಂದು ಹೊರೆ ಸೌದೆ ಗುಡ್ಡದಿಂದ ತರಲು ನೀವು ಬಿಡಬೇಕು."

ಅವನ ಮನೆಯ ಕಣಜದಲ್ಲೂ ಬೇಯದ ಭತ್ತವೇ ಇತ್ತು. ಅವನು ಮೆಟ್ಟಿಲಿನಿಂದ ಕೆಳಗಿಳಿದ. ಕಲ್ಲನ್ನು ಕಿತ್ತು ಹೊತ್ತು ತಂದು, ಸಂದಿಗೆ ಜೇಡಿಮಣ್ಣು ಮೆತ್ತಿದರು. ಹನ್ನೊಂದನೆಯ ದಿನಕ್ಕೆ ಬಿಸಿ ಮರಳಿತು. ಕೊಪ್ಪರಿಗೆಗೆ ಒಂದೇ ಹೊರೆಯಂತೆ ಗುಡ್ಡದಿಂದ ಸೌದೆ ಇಳಿಯಿತು. ಮೊದಲ ಮಳೆ ಬೀಳುವ ಹಿಂದಿನ ದಿನ ಕೊನೆಯ ಮುಡಿ ಅಕ್ಕಿಯನ್ನು ಬೈಹುಲ್ಲು ಸುತ್ತಿ ಕಟ್ಟಿದರು. ಅಂದಿನಿಂದ ಆ ಕೊಳಕ್ಕೆ ಒಂದುಹೊರೆ ತೀರ್ಥವೆಂದೇ ಹೆಸರು. ಪೂವಕ್ಕ ಮಾತ್ರ ಬದುಕಿರುವವರೆಗೂ ದಿನಾ ಬೆಳಿಗ್ಗೆ ಬಂದು ಕೈ ಅದ್ದಿ ನೋಡುತ್ತಿದ್ದಳಂತೆ, ಧಣಿಯ ಕಲ್ಲನ್ನೂ ಅವಳು ಪೂರ್ತಿ ನಂಬಲಿಲ್ಲ.

ನೀರು ತಿಳಿಯಾಗಿರುವಾಗ ಬಗ್ಗಿ ನೋಡಿದರೆ ತಳದಲ್ಲಿ ಕಲ್ಲಿನ ತಾವರೆ ಈಗಲೂ ಕಾಣುತ್ತದೆ. ಅದನ್ನು ನೋಡಿದವರು ಗುತ್ತಿನ ಮನೆಗೂ ಒಮ್ಮೆ ಹೋಗಿ ಬರಬೇಕು. ಅಂಗಳದಿಂದ ಜಗಲಿಗೆ ಕಾಲು ಎತ್ತರಿಸಿ, ಕಂಬ ಹಿಡಿದುಕೊಂಡೇ ಹತ್ತಬೇಕು. ಅಲ್ಲಿ ಇಂದಿಗೂ ಮೆಟ್ಟಿಲಿಲ್ಲ.