ಗಾಜಿನ ಕಪಾಟಿನ ವೈಫೈ

ಸಿಸ್ಟರ್ ಬೆನಿಲ್ಡಾ ಕೇಳಿದಳು: "ಮದರ್, ಹಾಸ್ಟೆಲಿನ ಹುಡುಗಿಯರನ್ನು ನನ್ನ ಮಾತು ಏಕೆ ಮುಟ್ಟುವುದಿಲ್ಲ?"

ಅವಳು ಆ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮದರ್ ಅಪೊಲೋನಿಯಾ ಹಿಂದೆ ಅವಳಿಗೆ ದೀಕ್ಷೆಯ ಪಾಠ ಹೇಳಿದವರು. ಈಗ ಕೆಲಸದಿಂದ ಬಿಡುಗಡೆ ಪಡೆದು, ಚಾಪೆಲಿನ ಪಕ್ಕದ ಕೋಣೆಯಲ್ಲಿ ಕುಳಿತು ಪೀಠದ ವಸ್ತ್ರಗಳನ್ನು ಹೊಲಿಯುತ್ತಿದ್ದರು. ಬೆನಿಲ್ಡಾ ತನ್ನ ಪ್ರಶ್ನೆಯನ್ನು ಬಿಡಿಸಿ ಹೇಳಿದಳು. ಹೇಳಬೇಕಾದದ್ದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಹೇಳಿದ್ದಳು. ಅದನ್ನೇ ಊಟದ ಹೊತ್ತಿನಲ್ಲಿ ಮತ್ತೆ ಹೇಳಿದ್ದಳು. ಕೇಳಿಸಲಿಲ್ಲ ಎಂದು ಯಾರೂ ನೆಪ ಹೂಡಬಾರದೆಂದು ಓಣಿಯಲ್ಲಿ ಧ್ವನಿವರ್ಧಕ ಹಾಕಿಸಿದ್ದಳು. ಒಬ್ಬೊಬ್ಬಳನ್ನೇ ಕರೆದು ಬುದ್ಧಿ ಹೇಳಿದ್ದಳು. ಹುಡುಗಿಯರು ತಲೆ ತಗ್ಗಿಸಿ ನಿಂತು, ತಲೆ ತಗ್ಗಿಸಿಯೇ ಹೋಗುತ್ತಿದ್ದರು. ಅವಳು ಊಟಕ್ಕೆ ಕುಳಿತರೆ ಆ ಬೆಂಚು ಖಾಲಿಯಾಗುತ್ತಿತ್ತು. ಬೇರೆ ಕಡೆಗೆ ವರ್ಗ ಮಾಡಿಸಿ ಎಂದು ಮೇಲಿನವರನ್ನು ಕೇಳಿಕೊಳ್ಳುವುದೆಂದು ನಿರ್ಧರಿಸಿದ್ದಳು. ಅದಕ್ಕೆ ಮೊದಲು ಇಲ್ಲಿಗೆ ಬಂದಿದ್ದಳು.

ಮದರ್ ಅವಳಿಗೆ ಕುಳಿತುಕೊಳ್ಳಲು ಹೇಳಿದರು. ಸೂಜಿಗೆ ದಾರ ಪೋಣಿಸಿ ಕತೆಯನ್ನು ಆರಂಭಿಸಿದರು.

ಒಂದು ಪಟ್ಟಣದಲ್ಲಿ ಒಬ್ಬ ಮನೆಯೊಡತಿ ಇದ್ದಳು. ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮನೆ ಬೀದಿಯಿಂದ ಹಿತ್ತಲಿನವರೆಗೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಚಾಚಿಕೊಂಡಿತ್ತು. ಮುಂದೆ ಪಡಸಾಲೆ, ನಡುವೆ ಊಟದ ಮನೆ, ಅದರ ಹಿಂದೆ ಕಬ್ಬಿಣದ ಬೀರುಗಳನ್ನಿಟ್ಟ ಉಗ್ರಾಣ, ಕೊನೆಗೆ ಒಂದು ಹಿತ್ತಲ ಕೋಣೆ. ಸಂಜೆಯಾದರೆ ಆ ಮನೆಯಲ್ಲಿ ಅವಳ ಚಪ್ಪಲಿಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಬರಿಯ ಸದ್ದಿಗಾಗಿ ರೇಡಿಯೋ ಹಾಕಿಕೊಳ್ಳುವವರನ್ನು ಕಂಡರೆ ಅವಳಿಗೆ ತಾತ್ಸಾರ. ಆದ್ದರಿಂದ ಹಿತ್ತಲ ಕೋಣೆಯನ್ನು ಬಾಡಿಗೆಗೆ ಕೊಡಲು ನಿಶ್ಚಯಿಸಿದಳು. ಗಾಳಿಯಾಡದೆ ಕೋಣೆ ಹಾಳಾಗುತ್ತದೆ, ಅದಕ್ಕಾಗಿ ಕೊಡುತ್ತಿದ್ದೇನೆ ಎಂದು ನೆರೆಯವರಿಗೆ ಹೇಳಿದಳು. ನೆರೆಯವರು ನಂಬಿದರು. ಅವಳೂ ಬಹುಮಟ್ಟಿಗೆ ನಂಬಿದಳು.

ಕೋಣೆಗೆ ಒಬ್ಬ ಶಿಕ್ಷಕಿ ಬಂದಳು. ಅವಳು ದೂರದೂರಿನ ಮಕ್ಕಳಿಗೆ ಲ್ಯಾಪ್‌ಟಾಪಿನ ಮೂಲಕ ಲೆಕ್ಕ ಕಲಿಸುವವಳು. ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಪಾಠ. ಅದು ಮುಗಿದು ಅವಳು ಊಟದ ಮನೆಗೆ ಬರುವ ಹೊತ್ತಿಗೆ ಮನೆಯೊಡತಿ ಕಾಫಿ ಬಸಿಯುತ್ತಿದ್ದಳು. ಕೈ ತಪ್ಪಿ ಹೆಚ್ಚಾಯಿತು ಎನ್ನುವಂತೆ ಎರಡನೆಯ ಲೋಟವನ್ನು ಮುಂದೆ ಸರಿಸುತ್ತಿದ್ದಳು. ಶಿಕ್ಷಕಿ ಆ ದಿನ ಮಕ್ಕಳು ಮಾಡಿದ ಚೇಷ್ಟೆಯನ್ನು ಹೇಳುತ್ತಿದ್ದಳು. ಸೀಬೆಹಣ್ಣನ್ನು ಅರ್ಧ ಮಾಡು ಎಂದರೆ, ಬೀಜವಿಲ್ಲದ ಅರ್ಧ ಯಾರಿಗೆ ಎಂದು ತಿಳಿಯದೆ ಲೆಕ್ಕ ಮಾಡಲಾರೆ ಎಂದು ಒಬ್ಬ ಹುಡುಗ ಹಟ ಹಿಡಿದಿದ್ದನಂತೆ. ಮನೆಯೊಡತಿ ನಗಲಿಲ್ಲ. ಮರುದಿನ, ಆ ಸೀಬೆಹಣ್ಣಿನವನು ಏನೆಂದ ಎಂದು ತಾನೇ ಕೇಳಿದಳು.

ಮನೆಯ ವೈಫೈ ಪೆಟ್ಟಿಗೆ ಪಡಸಾಲೆಯ ಗಾಜಿನ ಕಪಾಟಿನಲ್ಲಿತ್ತು. ಕಪಾಟಿನ ಬೆನ್ನಿಗೆ ಕನ್ನಡಿ. ಒಳಗೆ ಗಂಡ ಗೆದ್ದ ಬೆಳ್ಳಿಯ ಕಪ್ಪುಗಳು, ಫಲಕಗಳು. ಅವುಗಳ ನಡುವೆ ಪೆಟ್ಟಿಗೆ. ಅದರ ಮೇಲೆ ಅವಳು ಕ್ರೋಶಾ ಕಡ್ಡಿಯಿಂದ ಹೆಣೆದ ಬಿಳಿಯ ಲೇಸು. ಬೆಲೆಯುಳ್ಳ ವಸ್ತು ಬಂದವರ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು ಎಂಬುದು ಆ ಮನೆಯ ರೀತಿ. ಟೀವಿಗೂ ಅಂಥದೇ ಲೇಸು ಇತ್ತು. ಪೆಟ್ಟಿಗೆ ಅಲ್ಲಿದ್ದರೆ ಏನಾದೀತು ಎಂದು ಯಾರೂ ಯೋಚಿಸಿರಲಿಲ್ಲ. ಅವಳ ಕುರ್ಚಿ ಕಪಾಟಿನ ಎದುರಿಗೇ ಇತ್ತು. ಅಲ್ಲಿ ಕುಳಿತು ಫೋನು ನೋಡಿದರೆ ವೈಫೈ ಗೆರೆಗಳು ಯಾವಾಗಲೂ ತುಂಬಿರುತ್ತಿದ್ದವು.

ಒಂದು ದಿನ ಶಿಕ್ಷಕಿ ಪಾಠದ ನಡುವೆ ಎದ್ದು ಪಡಸಾಲೆಗೆ ಬಂದಳು.

"ಅಮ್ಮಾ, ಮಕ್ಕಳು ಹೇಳೋದು ನನಗೆ ಚೆನ್ನಾಗಿ ಕೇಳಿಸುತ್ತೆ. ಆದರೆ ನಾನು—"

"ಪೆಟ್ಟಿಗೆ ಹಳೆಯದಾಯಿತು. ಬೇರೆ ತರಿಸುತ್ತೇನೆ, ಬಿಡಿ."

ಅವಳು ಬೇರೆ ತರಿಸಿದಳು. ಅಂಗಡಿಯಲ್ಲಿದ್ದವುಗಳಲ್ಲಿ ದೊಡ್ಡದು. ಅದಕ್ಕೆ ಜಿರಲೆಯ ಮೀಸೆಯ ಹಾಗೆ ಸುತ್ತಲೂ ಕೊಂಬುಗಳಿದ್ದವು. ಹಳೆಯ ಲೇಸು ಸಾಲದೆ ಹೊಸದನ್ನು ಹೆಣೆದಳು. ಪೆಟ್ಟಿಗೆ ಅದೇ ಕಪಾಟನ್ನು ಸೇರಿತು.

ಶಿಕ್ಷಕಿ ಮತ್ತೊಮ್ಮೆ ಬಂದಳು. ಕಪಾಟಿನ ಕಡೆಗೆ ನೋಡಿ ಏನೋ ಹೇಳಲು ಹೊರಟಳು. ಮನೆಯೊಡತಿ ಅವಳ ಫೋನನ್ನು ಕೈಗೆ ತೆಗೆದುಕೊಂಡು, ಗೆರೆಗಳು ತುಂಬಿರುವುದನ್ನು ಅವಳಿಗೇ ತೋರಿಸಿದಳು. ಆದರೂ ತನ್ನ ಕಡೆಯಿಂದ ಲೋಪವಾಗಬಾರದೆಂದು ಅಂಗಡಿಯವನನ್ನು ಕರೆಸಿ, ಪೆಟ್ಟಿಗೆಯ ಶಕ್ತಿಯನ್ನು ಕಟ್ಟಕಡೆಯ ಮಟ್ಟಕ್ಕೆ ಏರಿಸಿದಳು. ಮರುವಾರ ಪಕ್ಕದ ಮನೆಯ ನಿವೃತ್ತ ಅಂಚೆ ಅಧಿಕಾರಿ ಗೋಡೆಯಾಚೆಯಿಂದ ಹಾಸ್ಯ ಮಾಡಿದ. ಅಕ್ಕಾ, ನಿಮ್ಮ ವೈಫೈ ಹೆಸರು ನಮ್ಮ ದೇವರ ಕೋಣೆಯಲ್ಲೂ ಬಂದು ಕೂತಿದೆ, ನೈವೇದ್ಯ ಇಡಬೇಕೋ ಏನು ಎಂದ. ಅವನೂ ತನ್ನ ಪೆಟ್ಟಿಗೆಯ ಶಕ್ತಿ ಏರಿಸಿಕೊಂಡ. ಅವನಾಚೆಯ ಮನೆಯವರೂ ಏರಿಸಿಕೊಂಡರು. ಮನೆಯೊಡತಿ ಆ ಹಾಸ್ಯವನ್ನು ಮೆಚ್ಚುಗೆಯೆಂದು ತಿಳಿದಳು.

ಆಮೇಲೆ ಶಿಕ್ಷಕಿ ದೂರು ಹೇಳಲಿಲ್ಲ. ಮನೆಯೊಡತಿಗೆ ಸಮಾಧಾನವಾಯಿತು. ಕೆಲಸ ಸರಿಯಾಗಿದೆ ಎಂದುಕೊಂಡಳು.

ಆದರೆ ಶಿಕ್ಷಕಿ ಊಟದ ಮನೆಗೆ ಬರುವುದೂ ನಿಂತಿತ್ತು. ಮಧ್ಯಾಹ್ನ ಚೀಲ ಹೆಗಲಿಗೇರಿಸಿ ಹೊರಟರೆ ಕತ್ತಲಾದ ಮೇಲೆ ಮರಳುತ್ತಿದ್ದಳು. ಎರಡನೆಯ ಲೋಟದ ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಮನೆಯೊಡತಿ ಅದನ್ನು ಮೋರಿಗೆ ಚೆಲ್ಲಿ ಲೋಟ ತೊಳೆದು ಕವುಚಿಡುತ್ತಿದ್ದಳು. ಏಕೆ ಬರಲಿಲ್ಲ ಎಂದು ಕೇಳುವುದು ಅವಳ ಸ್ವಭಾವವಲ್ಲ. ಬಾಡಿಗೆಗೆ ಕೊಟ್ಟ ಕೋಣೆಯ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿರಲಿಲ್ಲ. ಅದು ಶಿಷ್ಟಾಚಾರ ಎಂದು ಅವಳಿಗೆ ಕಲಿಸಿದ್ದರು.

ಹೂ ಮಾರುವವಳು ಒಂದು ಬೆಳಿಗ್ಗೆ ಮೊಳ ಹಾಕುತ್ತ ಕೇಳಿದಳು: ನಿಮ್ಮ ಟೀಚರಮ್ಮ ಲೈಬ್ರರಿ ಜಗಲಿ ಮೇಲೆ ಕೂತು ಪಾಠ ಮಾಡ್ತಾರಲ್ಲ, ಇಷ್ಟುದ್ದ ಮನೇಲಿ ಅವರಿಗೆ ಜಾಗ ಸಾಲಲಿಲ್ವಾ? ಮನೆಯೊಡತಿ ಹೂವಿನ ಹಣ ಎಣಿಸಿ ಕೊಟ್ಟಳು. ಹೂವನ್ನು ದೇವರಿಗೆ ಏರಿಸದೆ ಮೇಜಿನ ಮೇಲೆ ಮರೆತಳು. ಅದೇ ವಾರ ಶಿಕ್ಷಕಿ ಬಾಗಿಲಲ್ಲಿ ನಿಂತು, ತಿಂಗಳ ಕೊನೆಗೆ ಕೋಣೆ ಬಿಡುವುದಾಗಿ ಹೇಳಿದಳು. ಮನೆಯೊಡತಿ ಆಗಲಿ ಎಂದಳು. ಶಿಕ್ಷಕಿ ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಆ ಮಧ್ಯಾಹ್ನ ಶಿಕ್ಷಕಿ ಹೊರಗೆ ಹೋದ ಮೇಲೆ ಮನೆಯೊಡತಿ ಹಿತ್ತಲ ಕೋಣೆಗೆ ನಡೆದಳು. ಬಾಗಿಲಿಗೆ ಬೀಗವಿರಲಿಲ್ಲ. ಶಿಷ್ಟಾಚಾರವನ್ನು ಮುರಿದು ಒಳಗೆ ಹೋಗಿ, ಶಿಕ್ಷಕಿಯ ಕುರ್ಚಿಯಲ್ಲಿ ಕುಳಿತು ಫೋನು ತೆರೆದಳು. ಗೆರೆಗಳು ತುಂಬಿದ್ದವು. ತಾನು ಹೇಳಿದ್ದೇ ಸರಿ. ಹಾಗಾದರೆ ಇವಳು ಬೇಕೆಂದೇ ತನ್ನ ಮನೆಯನ್ನು ಬಿಟ್ಟು ಬೀದಿಗೆ ಹೋಗುತ್ತಿದ್ದಾಳೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ದೂರದ ಊರಿನ ತಂಗಿಗೆ ವೀಡಿಯೋ ಕರೆ ಮಾಡಿದಳು.

ತಂಗಿಯ ಮುಖ ನಿಚ್ಚಳವಾಗಿ ಬಂತು. ದನಿಯೂ ಸ್ಪಷ್ಟ. ಮನೆಯೊಡತಿ ಮಾತಾಡಿದಳು. ತಂಗಿ ಹಲೋ ಎಂದಳು. ಮನೆಯೊಡತಿ ಮತ್ತೆ ಹೇಳಿದಳು. ತಂಗಿ ಮತ್ತೆ ಹಲೋ ಎಂದಳು. ಮನೆಯೊಡತಿ ಕೂಗಿದಳು. ತಂಗಿ ಫೋನನ್ನು ಮೂಗಿನ ಹತ್ತಿರ ತಂದು ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಗಂಡನ ಕಡೆಗೆ ತಿರುಗಿ, "ಅಕ್ಕನದು. ಮುಖ ಕಲ್ಲಾಗಿ ನಿಂತಿದೆ, ಮಾತಿಲ್ಲ. ಅವಳು ಯಾವತ್ತೂ ಹಾಗೇ ಬಿಡಿ," ಎಂದು ಕರೆ ಮುಗಿಸಿದಳು.

ಆ ಕುರ್ಚಿಯಲ್ಲೇ ಮನೆಯೊಡತಿಗೆ ನೆನಪಾಯಿತು. ಮಕ್ಕಳು ಹೇಳೋದು ನನಗೆ ಚೆನ್ನಾಗಿ ಕೇಳಿಸುತ್ತೆ, ಆದರೆ ನಾನು. ಶಿಕ್ಷಕಿಯ ಆ ಮಾತು ಅಲ್ಲಿಗೇ ನಿಂತಿತ್ತು. ಅದನ್ನು ನಿಲ್ಲಿಸಿದವಳು ತಾನು.

ಅವಳು ವೈಫೈ ಕಂಪನಿಯವರಿಗೆ ಫೋನು ಮಾಡಿದಳು. ಈ ಸಲ ಇಂಥ ಪೆಟ್ಟಿಗೆ ಬೇಕು ಎಂದು ಹೇಳಲಿಲ್ಲ, ಏನಾಗುತ್ತಿದೆ ಎಂದು ಕೇಳಿದಳು. ಆ ಕಡೆಯ ಹೆಂಗಸು ಪೆಟ್ಟಿಗೆ ಎಲ್ಲಿದೆ, ನಡುವೆ ಏನೇನಿದೆ ಎಂದು ಕೇಳಿಕೊಂಡು ಬಿಡಿಸಿ ಹೇಳಿದಳು. ಪೆಟ್ಟಿಗೆಯ ದನಿ ದೊಡ್ಡದು, ಫೋನು ಲ್ಯಾಪ್‌ಟಾಪುಗಳ ದನಿ ಸಣ್ಣದು. ಗೆರೆಗಳು ತೋರಿಸುವುದು ಪೆಟ್ಟಿಗೆಯ ದನಿ ನಿಮ್ಮವರೆಗೆ ಎಷ್ಟು ಬಂತು ಎಂಬುದನ್ನು ಮಾತ್ರ. ನಿಮ್ಮ ದನಿ ಪೆಟ್ಟಿಗೆಯವರೆಗೆ ಹೋಯಿತೇ ಎಂಬುದನ್ನು ತೋರಿಸುವುದಿಲ್ಲ. ನಡುವೆ ಕಬ್ಬಿಣದ ಬೀರು, ಕನ್ನಡಿ, ಬೆಳ್ಳಿ. ಸಾಲದ್ದಕ್ಕೆ ಬೀದಿಯ ಪೆಟ್ಟಿಗೆಗಳೆಲ್ಲ ಒಂದೇ ಚಾನೆಲಿನಲ್ಲಿ, ಒಂದೇ ಅಲೆಯ ದಾರಿಯಲ್ಲಿ, ಕೂಗುತ್ತಿವೆ. ಆ ಗದ್ದಲದಲ್ಲಿ ಹಿತ್ತಲ ಕೋಣೆಯ ಸಣ್ಣ ದನಿ ಪೆಟ್ಟಿಗೆಯ ಕಿವಿಗೆ ಬೀಳುವುದು ಹೇಗೆ? ನೀವು ಶಕ್ತಿ ಏರಿಸಿದಷ್ಟೂ ಪೆಟ್ಟಿಗೆ ದೂರಕ್ಕೆ ಹೇಳುತ್ತದೆ, ದೂರದ್ದನ್ನು ಕೇಳಿಸಿಕೊಳ್ಳುವುದಿಲ್ಲ.

ಮನೆಯೊಡತಿ ಕಪಾಟಿನ ಬೀಗ ತೆಗೆದಳು. ಲೇಸನ್ನು ಮಡಿಸಿಟ್ಟಳು. ಉದ್ದನೆಯ ತಂತಿ ಎಳೆಸಿ, ಬೀರುಗಳನ್ನು ಪಕ್ಕದ ಗೋಡೆಗೆ ಸರಿಸಿ, ಊಟದ ಮನೆಗೂ ಉಗ್ರಾಣಕ್ಕೂ ನಡುವಿನ ಬಾಗಿಲ ಮೇಲೆ, ಬರಿಯ ಹಲಗೆಯ ಮೇಲೆ ಪೆಟ್ಟಿಗೆಯನ್ನು ಇಡಿಸಿದಳು. ನೆರೆಯವರು ಇಲ್ಲದ ಚಾನೆಲನ್ನು ಆರಿಸಿದಳು. ಶಕ್ತಿಯನ್ನು ಇಳಿಸಿದಳು. ಪ್ರತಿಯೊಂದು ಸಲವೂ ಹಿತ್ತಲ ಕೋಣೆಗೆ ಹೋಗಿ ತಂಗಿಗೆ ಕರೆ ಮಾಡಿ, ನಾನು ಹೇಳಿದ್ದು ಕೇಳಿಸಿತೇ ಎಂದು ಕೇಳಿದಳು. ಇಲ್ಲ ಎಂದಾಗ ಹಲಗೆಯನ್ನು ಇನ್ನಷ್ಟು ಸರಿಸಿದಳು. ಕೊನೆಗೆ ತಂಗಿ, "ಕೇಳಿಸುತ್ತೆ ಕಣೇ ಅಕ್ಕಾ, ಉಸಿರು ಬಿಟ್ಟದ್ದೂ ಕೇಳಿಸುತ್ತೆ," ಎಂದಳು. ಪಡಸಾಲೆಯ ಕುರ್ಚಿಯಲ್ಲಿ ಈಗ ಗೆರೆಗಳು ಮೊದಲಿನಷ್ಟು ತುಂಬುತ್ತಿರಲಿಲ್ಲ. ಪಕ್ಕದ ಮನೆಯವನು, ಅಕ್ಕಾ, ನಿಮ್ಮ ಹೆಸರು ನಮ್ಮಲ್ಲಿ ಕಾಣುವುದೇ ಇಲ್ಲವಲ್ಲ, ಕೋಪವೇ ಎಂದ.

ಅದೆಲ್ಲ ಮುಗಿದ ದಿನ ಸಂಜೆ ಅವಳು ಕಾಫಿ ಬಸಿದು ಶಿಕ್ಷಕಿಗಾಗಿ ಬಾಗಿಲಲ್ಲೇ ನಿಂತಳು. ಶಿಕ್ಷಕಿ ಬಂದಾಗ, ಹೆಚ್ಚಾಯಿತು ಎಂಬ ನೆಪ ಹೇಳಲಿಲ್ಲ. ನಿಮಗಾಗಿ ಮಾಡಿದೆ ಎಂದಳು. ಆಮೇಲೆ, "ಆ ದಿನ ನೀವು ಏನೋ ಹೇಳುತ್ತಿದ್ದಿರಿ. ನಾನು ನಡುವೆ ತಡೆದೆ. ಈಗ ಪೂರ್ತಿ ಹೇಳಿ," ಎಂದಳು.

ಶಿಕ್ಷಕಿ ಹೇಳಿದಳು. ಟೀಚರ್ ಬಾಯಿ ಆಡ್ತಿದೆ, ಮಾತು ಬರ್ತಿಲ್ಲ ಎಂದು ಮಕ್ಕಳು ನಕ್ಕದ್ದನ್ನು ಹೇಳಿದಳು. ಮಕ್ಕಳು ಒಬ್ಬೊಬ್ಬರಾಗಿ ಪಾಠ ಬಿಟ್ಟದ್ದನ್ನು ಹೇಳಿದಳು. ಸೀಬೆಹಣ್ಣಿನವನೂ ಬಿಟ್ಟಿದ್ದ. ಮೊದಲ ಸಲ ಬಂದ ದಿನ ತಾನು ಹೊಸ ಪೆಟ್ಟಿಗೆ ಕೇಳಲು ಬಂದಿರಲಿಲ್ಲ, ಇದ್ದ ಪೆಟ್ಟಿಗೆಯನ್ನೇ ಊಟದ ಮನೆಗೆ ತಂದಿಟ್ಟರೆ ಸಾಕು ಎನ್ನಲು ಬಂದಿದ್ದೆ ಎಂದಳು. ಮನೆಯೊಡತಿ ಕೊನೆಯವರೆಗೂ ಕೇಳಿದಳು. ಕಾಫಿ ಆರಿಹೋಯಿತು. ಇಬ್ಬರೂ ಕುಡಿದರು.

ತಿಂಗಳ ಕೊನೆಗೆ ಶಿಕ್ಷಕಿ ಹೊರಟಳು. ಬೇರೆ ಮನೆಯವರಿಗೆ ಮಾತು ಕೊಟ್ಟಾಗಿತ್ತು. ಹಿತ್ತಲ ಕೋಣೆಯಲ್ಲಿ ಈಗ ವೈಫೈ ಸೊಗಸಾಗಿ ನಡೆಯುತ್ತದೆ. ಅಲ್ಲಿ ಯಾರೂ ಇಲ್ಲ. ಸಂಜೆ ಮನೆಯೊಡತಿ ಅಲ್ಲಿ ಕುಳಿತು ತಂಗಿಗೆ ಕರೆ ಮಾಡುತ್ತಾಳೆ. ತಂಗಿ ಮಾತಾಡುತ್ತಾಳೆ, ಅವಳು ಕೇಳುತ್ತಾಳೆ.

ಮದರ್ ಅಪೊಲೋನಿಯಾ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಹಾಸ್ಟೆಲಿನ ಹುಡುಗಿಯರು ಬಟ್ಟೆ ಹಿಂಡುತ್ತ ಏನೋ ಮಾತಾಡಿಕೊಳ್ಳುತ್ತಿದ್ದರು. ಸಿಸ್ಟರ್ ಬೆನಿಲ್ಡಾ ತನ್ನ ಶಿಲುಬೆಯ ದಾರವನ್ನು ನೇರ ಮಾಡಿಕೊಂಡಳು.

"ನಾನು ಆ ಮನೆಯೊಡತಿಯ ಹಾಗಲ್ಲ, ಮದರ್," ಎಂದಳು. "ನಾನು ಓಣಿಯ ಕೊನೆಯ ಕೋಣೆಯವರೆಗೂ ಹೋಗಿ ಹೇಳಿದ್ದೇನೆ. ಹೇಳದೆ ಏನನ್ನೂ ಉಳಿಸಿಲ್ಲ."

ಮದರ್ ದಾರವನ್ನು ಹಲ್ಲಿನಿಂದ ಕಡಿದು, ವಸ್ತ್ರವನ್ನು ಮಡಿಸಿ, ಅವಳ ಮುಖವನ್ನು ನೋಡಿದರು.

"ಹೌದು ಬೆನಿಲ್ಡಾ, ನೀನು ಅವರಿಗೆ ಹೇಳಿದ್ದನ್ನೆಲ್ಲ ಬಂದ ಕೂಡಲೆ ನನಗೆ ಒಪ್ಪಿಸಿದೆ, ಆದರೆ ಅವರು ನಿನಗೆ ಹೇಳಿದ ಒಂದೇ ಒಂದು ಮಾತೂ ಅದರಲ್ಲಿರಲಿಲ್ಲ."