ಎರಡನೆಯ ಬೊಗಸೆ ಉಪ್ಪು

ಶಿಷ್ಯೆ ಕೇಳಿದಳು: "ಗುರುಗಳೇ, ನಾಳೆ ಕಿರಿಯರಿಗೆ ಈ ಅಧ್ಯಾಯವನ್ನು ನಾನು ಪಾಠ ಹೇಳಬೇಕು. ಒಂದು ದಿನವೂ ತಪ್ಪದೆ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಅದು ನನಗೆ ಬಂದಿದೆಯೋ ಇಲ್ಲವೋ, ತಾವೇ ಹೇಳಬೇಕು."

ಗುರು ಪುಸ್ತಕವನ್ನು ಮುಚ್ಚಿಟ್ಟು ಹೇಳತೊಡಗಿದರು.

ಒಂದು ಮಠದ ಪಾಕಶಾಲೆಯಲ್ಲಿ ಒಬ್ಬ ಅಡಿಗೆಯವನಿದ್ದ. ನೈವೇದ್ಯವಾಗುವ ಮೊದಲು ಅಲ್ಲಿ ಯಾರೂ ಯಾವುದರ ರುಚಿಯನ್ನೂ ನೋಡುವಂತಿರಲಿಲ್ಲ. ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ನಾಲಿಗೆ ಹೇಳುವಂತಿಲ್ಲ; ಹಾಕಿದವನ ಗಮನವೇ ಹೇಳಬೇಕು. ಎಷ್ಟೋ ವರ್ಷ ಹಿರಿಯ ಬಾಣಸಿಗರೊಬ್ಬರು ಒಲೆಯ ಪಕ್ಕದಲ್ಲಿ ನಿಂತು "ಈಗ ಉಪ್ಪು", "ಈಗ ಬೆಲ್ಲ", "ಸಾಕು" ಎನ್ನುತ್ತಿದ್ದರು. ಇವನು ಹಾಕುತ್ತಿದ್ದ. ಅಡಿಗೆ ಎಂದೂ ಕೆಟ್ಟಿರಲಿಲ್ಲ. ಆದ್ದರಿಂದ ತನಗೆ ಅಡಿಗೆ ಬರುತ್ತದೆಂದು ಅವನು ನಂಬಿದ್ದ.

ಆರಾಧನೆಯ ದಿನ ಹಿರಿಯರು, "ಇವತ್ತಿನ ಹುಳಿ ನಿನ್ನದು. ಸರಿ ಬಂದರೆ ನಾಳೆಯಿಂದ ಈ ಒಲೆಯೂ ನಿನ್ನದು" ಎಂದು ಹೇಳಿ ಹೊರಗೆ ಹೋದರು.

ಅಡಿಗೆಯವನು ಬೇಳೆ ಬೇಯಿಸಿದ, ತರಕಾರಿ ಹಾಕಿದ. ಕೈ ಕೆಲಸ ಮಾಡುತ್ತಿತ್ತು. ಮನಸ್ಸು ಆಗಲೇ ಪಂಕ್ತಿಯಲ್ಲಿ ಓಡಾಡುತ್ತ, ಯಾರು ಏನೆಂದು ಹೊಗಳುವರೋ ಅದನ್ನು ಕೇಳಿಸಿಕೊಳ್ಳುತ್ತಿತ್ತು. ಹುಳಿ ಕುದಿಯಿತು. ಆಗ ಅವನಿಗೆ ಸಂದೇಹ ಬಂತು. ಉಪ್ಪು ಹಾಕಿದೆನೇ?

ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಮುದುಕನನ್ನು ಕೇಳಿದ: "ಅಜ್ಜಾ, ನಾನು ಉಪ್ಪು ಹಾಕಿದ್ದನ್ನು ನೋಡಿದಿರಾ?"

"ಚೆನ್ನಾಯಿತು! ಕೈ ನಿಮ್ಮದು, ಕೊಪ್ಪರಿಗೆ ನಿಮ್ಮದು. ನನ್ನನ್ನು ಕೇಳಿದರೆ ತೆಂಗಿನಕಾಯಿಯ ವಿಷಯ ಹೇಳಬಲ್ಲೆ."

ಅವನು ಕಣ್ಣು ಮುಚ್ಚಿ ನೆನೆದ. ಏನೂ ಕಾಣಲಿಲ್ಲ. ಅಷ್ಟರಲ್ಲಿ ನೈವೇದ್ಯದ ಕರೆ ಬಂತು. ಹಾಕಿರಲಾರೆ ಎಂದುಕೊಂಡು ಒಂದು ಬೊಗಸೆ ಉಪ್ಪು ಹಾಕಿಬಿಟ್ಟ.

ಪ್ರಸಾದವೆಂದು ಯಾರೂ ದೂರಲಿಲ್ಲ, ಎಲೆಯಲ್ಲಿ ಬಿಡಲೂ ಇಲ್ಲ. ಇಡೀ ಪಂಕ್ತಿಯಿಂದ ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು: "ನೀರು." ಅವನು ಹುಳಿಯನ್ನು ಎರಡನೆಯ ಸಲ ತಂದಾಗ ಹಿರಿಯರು ಎಲೆಗೆ ಕೈ ಅಡ್ಡ ಹಿಡಿದು, "ಸಾಕಪ್ಪ" ಎಂದರು. ಕೊನೆಯಲ್ಲಿ ತಾನೂ ಊಟಕ್ಕೆ ಕುಳಿತ. ಮೊದಲ ತುತ್ತಿನ ಮೇಲೆ ಅವನು ತಲೆ ಎತ್ತಲಿಲ್ಲ.

ಕೈ ತೊಳೆಯುವಲ್ಲಿ ಹಿರಿಯರು ಎದುರಾದರು.

"ಹಾಕಿದ್ದು ಮರೆತುಹೋಯಿತು," ಎಂದ.

"ಇಲ್ಲ. ಮರೆಯುವುದಕ್ಕಾದರೂ ಹಾಕುವಾಗ ನೀನು ಅಲ್ಲಿರಬೇಕಿತ್ತು."

ಮರುದಿನ ಬೆಳಿಗ್ಗೆ ಹಿರಿಯರು ಮೊದಲಿನಂತೆಯೇ ಒಲೆಯ ಪಕ್ಕಕ್ಕೆ ಬಂದು ನಿಂತು, "ಈಗ ಉಪ್ಪು" ಎಂದರು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿ, ಪುಸ್ತಕವನ್ನು ಶಿಷ್ಯೆಯ ಕೈಗಿತ್ತರು.

"ನೀನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ ಎಂಬುದಕ್ಕೆ ನಾನು ಸಾಕ್ಷಿ; ಅಲ್ಲಿ ಇದ್ದೆ ಎಂಬುದಕ್ಕೆ ಯಾರು ಸಾಕ್ಷಿ?"